ಅವಳ ಪಾಲಿನ ಕುಂಕುಮ

ನಾನು ಒಂದು ಹಾರ್ಡ್ ಡಿಸ್ಕ್. ಅಂಗೈಯಗಲದ ಕಪ್ಪು ಡಬ್ಬಿ. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಧೂಳಿನ ಒಂದು ಕಣಕ್ಕೂ ಒಳಗೆ ಪ್ರವೇಶವಿರಲಿಲ್ಲ. ಕೆಲಸದವರು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಟ್ಟು, ಉಸಿರನ್ನೂ ಸೋಸಿ ಬಿಡುತ್ತಿದ್ದರು. ಅಷ್ಟು ಮಡಿಯಲ್ಲಿ ಹುಟ್ಟಿದ ನಾನು ಕೊನೆಗೆ ಕುಂಕುಮದಿಂದ ಸತ್ತೆ. ಅದಕ್ಕೂ ಮೊದಲು ಹೊಟ್ಟೆಕಿಚ್ಚಿನಿಂದ ಅರ್ಧ ಸತ್ತಿದ್ದೆ, ಅದನ್ನೂ ಮುಚ್ಚಿಡುವುದಿಲ್ಲ.

ನನ್ನನ್ನು ಮೊದಲು ಕೊಂಡವನು ಹುಬ್ಬಳ್ಳಿಯ ಒಬ್ಬ ಮದುವೆ ಫೋಟೊಗ್ರಾಫರ್. ಅವನು ನನ್ನಲ್ಲಿ ಮದುವೆಗಳನ್ನು ತುಂಬುತ್ತಿದ್ದ, ಆಲ್ಬಮ್ ಕೊಟ್ಟ ಮರುದಿನ ಅಳಿಸುತ್ತಿದ್ದ. ನೂರಾರು ವಧುಗಳು ನನ್ನೊಳಗೆ ಬಂದರು, ಹೋದರು. ಒಬ್ಬಳ ಮುಖವೂ ನೆನಪಿಲ್ಲ. ಎರಡು ವರ್ಷ ಹೀಗೆ ಛತ್ರದಂತೆ ಬದುಕಿದೆ. ಆಮೇಲೆ ಅವನು ಹೊಸದೊಂದನ್ನು ಕೊಂಡು, ನನ್ನನ್ನು ಧಾರವಾಡದಲ್ಲಿದ್ದ ತನ್ನ ಅಕ್ಕನಿಗೆ ಕೊಟ್ಟುಬಿಟ್ಟ.

ಆ ಅಕ್ಕ ಇಂದುಮತಿ ಹಂಚಿನಮನಿ, ಒಂದು ಕಸೂತಿ ಸಂಘದ ಕಾರ್ಯದರ್ಶಿ. ಹೆಂಚಿನ ಪಡಸಾಲೆಯಲ್ಲಿ ಇಪ್ಪತ್ತಾರು ಹೆಂಗಸರು ಕೂತು ಸೀರೆಗೆ ಕಸೂತಿ ಹಾಕುವ ಸಂಘ. ಕಂಪ್ಯೂಟರ್ ನೋಡಿಕೊಳ್ಳುವವಳು ಶಾಹೀನಾ. ಅವಳು ನನ್ನನ್ನು ಕಿಟಕಿಯ ಪಕ್ಕ ಇಟ್ಟು ವೈರು ಚುಚ್ಚಿದಳು. ಅಂದಿನಿಂದ ನನಗೆ ಮನೆ ಸಿಕ್ಕಿತು. ಇಲ್ಲಿ ಯಾರೂ ಏನನ್ನೂ ಅಳಿಸುತ್ತಿರಲಿಲ್ಲ. ಗೋಪುರ, ತುಳಸಿಕಟ್ಟೆ, ನವಿಲು, ಪಲ್ಲಕ್ಕಿ, ಯಾವ ಸೀರೆಯ ಯಾವ ಸೆರಗಿನಲ್ಲಿ ಏನಿದೆಯೋ ಎಲ್ಲದರ ಫೋಟೊ ನನ್ನ ಹೊಟ್ಟೆಗೆ ಬಂತು. ಯಾರಿಗೆ ಏನು ಬೇಕಾದರೂ ಕಪ್ಪು ಡಬ್ಬಿಯನ್ನು ಕೇಳು ಎನ್ನುತ್ತಿದ್ದರು. ನನಗಂತೂ ನೆಲ ಕಾಣದಷ್ಟು ಜಂಭ ಬಂತು.

ಆ ಜಂಭಕ್ಕೆ ಕಿರೀಟ ಇಟ್ಟವರು ಗುರಸಿದ್ದವ್ವ ಅಜ್ಜಿ. ಸಂಘಕ್ಕೆಲ್ಲ ಹಿರಿಯರು. ಕಣ್ಣು ಮಂಜಾಗಿತ್ತು, ಬೆರಳು ಮಾತ್ರ ಚುರುಕು. ಮಹಾನವಮಿಯ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ಕತ್ತರಿ, ಸೂಜಿಪೆಟ್ಟಿಗೆಗಳ ಜೊತೆ ನನ್ನನ್ನೂ ಹಲಗೆಯ ಮೇಲೆ ಇಟ್ಟು, ಬೆರಳಿನಿಂದ ತಡವಿ ಹಣೆ ಹುಡುಕಿ, ಕಲಸಿದ ಕುಂಕುಮದ ಬೊಟ್ಟು ಇಡುತ್ತಿದ್ದರು. ಮದುವೆಮನೆಯ ಫೋಟೊಗಳಲ್ಲಿ ಎಷ್ಟೋ ಹಣೆಗಳ ಕುಂಕುಮ ನೋಡಿದ್ದೆ. ನನಗೂ ಹಣೆ ಇದೆ ಎಂದು ಗೊತ್ತಾದದ್ದು ಅಜ್ಜಿಯಿಂದ.

ಅಜ್ಜಿಯ ಬಳಿ ಅವರ ತಾಯಿಯ ಒಂದು ಕಪ್ಪು ಚಂದ್ರಕಾಳಿ ಸೀರೆ ಇತ್ತು. ಅದರ ಸೆರಗಿನಲ್ಲಿ ಒಂದು ಅಂಬಾರಿ ಆನೆ. ಎಳೆ ಎಣಿಸಿ ಹಾಕಿದ ಆ ಆನೆಯನ್ನು ತಾಯಿ ಯಾರಿಗೂ ಪೂರ್ತಿ ಕಲಿಸಿರಲಿಲ್ಲ. ಒಂದು ಸಂಕ್ರಾಂತಿಯಂದು ಅಜ್ಜಿ ಅದನ್ನು ಸಂಘಕ್ಕೆ ತಂದರು. ಶಾಹೀನಾ ಮುಂಭಾಗ, ಹಿಂಭಾಗ ಎರಡರ ಫೋಟೊ ತೆಗೆದು, ಎಳ್ಳುಬೆಲ್ಲದ ಫೋಟೊಗಳ ಜೊತೆಗೇ ಹಬ್ಬದ ಫೋಲ್ಡರಿಗೆ ಹಾಕಿದಳು. ಸೀರೆ ಆಗಲೇ ಮುಟ್ಟಿದಲ್ಲೆಲ್ಲ ಹರಿಯುತ್ತಿತ್ತು. ಮುಂದಿನ ತಿಂಗಳು ಮೊಮ್ಮಗಳು ಹೆತ್ತಾಗ ಅಜ್ಜಿ ಅದನ್ನು ತುಂಡು ಮಾಡಿ ಕೂಸಿಗೆ ಕೌದಿ ಹೊಲಿದರು. ಹಳೆಯ ಸೀರೆಯ ಮೆತ್ತನೆಯ ಕೌದಿಯಲ್ಲಿ ಕೂಸು ಮಲಗಬೇಕು, ಅದು ಅಲ್ಲಿಯ ಪದ್ಧತಿ. ಇಂದುಮತಿ ಅಯ್ಯೋ ಎಂದರೆ, ಫೋಟೊ ಇದೆಯಲ್ಲ, ಇನ್ನು ಸೀರೆ ಯಾಕೆ ಎಂದರಂತೆ. ಆನೆ ಪೂರ್ತಿಯಾಗಿ ಉಳಿದದ್ದು ಲೋಕದಲ್ಲಿ ನನ್ನಲ್ಲಿ ಮಾತ್ರ. ಆ ಸುಖ ಹೇಗೆ ಹೇಳಲಿ!

ಅಷ್ಟರಲ್ಲಿ ನನಗೆ ಬಿಕ್ಕಳಿಕೆ ಬಂತು. ವಯಸ್ಸು ಅಷ್ಟೆ. ಒಂದು ಮುಂಜಾನೆ ಟಿಕ್ ಟಿಕ್ ಎಂದೆ. ಶಾಹೀನಾ ಓಡಿದಳು. ಇರುವುದು ಇದೊಂದೇ, ಇದು ಹೋದರೆ ಇಪ್ಪತ್ತು ವರ್ಷದ ಕೆಲಸವೇ ಹೋಗುತ್ತದೆ ಎಂದು ಇಂದುಮತಿಗೆ ಹೇಳಿದಳು. ಎರಡೇ ವಾರದಲ್ಲಿ, ಸಂಘಕ್ಕೊಂದು ಡಿಜಿಟಲ್ ಭಂಡಾರ ಆರಿಸಬೇಕು ಎಂದು ಸಭೆ ಸೇರಿತು. ನನ್ನ ಎದುರಿನಲ್ಲೇ ನನಗೆ ಸವತಿ ನೋಡಲು ಕೂತರು.

ಮೂರು ಕಂಪನಿಯವರು ಬಂದರು. ಮೊದಲನೆಯವನ ಭಂಡಾರ ನೋಡಲು ಮದುಮಗಳಂತಿತ್ತು, ಆದರೆ ನಕಲು ತೆಗೆಯಲು ಪ್ರತಿ ಸಲ ಯಾರಾದರೂ ಗುಂಡಿ ಒತ್ತಬೇಕು. ಇವಳೇ ಬರಲಿ ಎಂದು ಹಾರೈಸಿದೆ. ಈ ಹೆಂಗಸರು ಖಂಡಿತ ಮರೆಯುತ್ತಾರೆ, ಆಗ ನನ್ನ ಬೆಲೆ ತಿಳಿಯುತ್ತದೆ ಎಂಬ ಲೆಕ್ಕ ನನ್ನದು. ನಾವು ಮರೆತರೆ ಅದಕ್ಕೆ ನೆನಪಿರುತ್ತದೆಯೇ ಎಂದು ಅಜ್ಜಿ ಕೇಳಿದರು. ಅವನು ನಕ್ಕುಬಿಟ್ಟ. ಎರಡನೆಯವನನ್ನು, ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ಚಿತ್ರಗಳು ನಮಗೆ ವಾಪಸು ಬರುತ್ತವೆಯೇ ಎಂದು ಇಂದುಮತಿ ಕೇಳಿದರು. ಅವನು ಬೇರೆಯೇ ಮಾತು ತೆಗೆದ.

ಮೂರನೆಯವಳು ಒಬ್ಬ ಸಾದಾ ಹೆಂಗಸು. ತಮ್ಮ ಭಂಡಾರ ದಿನಾ ಮಧ್ಯಾಹ್ನ ತಾನಾಗಿಯೇ ಹೊಸದನ್ನೆಲ್ಲ ನಕಲು ಮಾಡಿಕೊಂಡು, ಬೇರೆ ಬೇರೆ ಎರಡು ಊರುಗಳಲ್ಲಿ ಇಡುತ್ತದೆ ಎಂದಳು. ಎಲ್ಲರೂ ತಲೆದೂಗಿದರು. ಅಜ್ಜಿ ಮಾತ್ರ ತಲೆದೂಗಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಒಳ್ಳೆಯ ಕೈ ಹಾಕಿದ ಗೆರೆ ಬಟ್ಟೆಯ ಮುಂದೆ ಹೇಗೋ ಹಿಂದೆಯೂ ಹಾಗೆಯೇ ಇರಬೇಕು. ಅದಕ್ಕೆ ಈ ಸಂಘದಲ್ಲಿ ಯಾರು ಏನೇ ಹೊಲಿದು ತಂದರೂ ಮೊದಲು ಮಗುಚಿ ನೋಡುತ್ತಾರೆ.

“ಮುಂದ ಛಂದ ಐತವ್ವ,” ಎಂದರು ಅಜ್ಜಿ, “ಹಿಂದ ತೋರಸು.”

ಆ ಹೆಂಗಸಿಗೆ ತಿಳಿಯಲಿಲ್ಲ. ಶಾಹೀನಾಳಿಗೆ ತಿಳಿಯಿತು. ಪರೀಕ್ಷೆಗೆಂದು ಭಂಡಾರಕ್ಕೆ ಹಾಕಿದ್ದ ಒಂದು ನವಿಲಿನ ಫೋಟೊವನ್ನು ಅಳಿಸಿ, ಈಗ ವಾಪಸು ಕೊಡಿ ಎಂದಳು. ನವಿಲು ಬಾರದಿರಲಿ ಎಂದು ಬೇಡಿಕೊಂಡೆ. ಕುಡಿಯಲು ಇಟ್ಟ ಚಹಾ ಆರುವುದರೊಳಗೆ ನವಿಲು ಬಂತು, ಒಂದು ಎಳೆಯೂ ತಪ್ಪದೆ. ಅಜ್ಜಿ ಪರದೆಗೆ ಮೂಗು ತಾಗಿಸಿ ನೋಡಿ, ಆಯಿತು ಎಂದರು. ಅವಳು, ನನ್ನ ಸವತಿ, ಮನೆ ಹೊಕ್ಕಳು.

ಅವಳೆಂದರೆ ಯಾರು? ಮೈಯಿಲ್ಲ, ತೂಕವಿಲ್ಲ, ಬಿದ್ದರೆ ಶಬ್ದವಿಲ್ಲ. ಆದರೂ ದಿನವಿಡೀ ಅವಳದೇ ಮಾತು. ನವಿಲು ಎಂದು ಬರೆದರೆ ನಲವತ್ತು ನವಿಲು ತೋರಿಸುತ್ತಾಳಂತೆ. ಊರಿನ ಇನ್ನೊಂದು ತುದಿಯಲ್ಲಿ ಕೂತವರಿಗೂ ಕೊಡುತ್ತಾಳಂತೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನಗೆ ಅತ್ತೆಯ ಕಾಲ ಬರುವ ಮೊದಲೇ ಮುಗಿದುಹೋಯಿತು. ಹೊಟ್ಟೆ ಉರಿದು ಬೂದಿಯಾಯಿತು.

ಒಂದೇ ಸಮಾಧಾನವಿತ್ತು. ಹಳೆಯದನ್ನು ತಾನೇ ದಾಟಿಸಬೇಕು ಎಂದುಕೊಂಡ ಶಾಹೀನಾ ಕೈಯಾರೆ ಅವಳಿಗೆ ದಾಟಿಸಿದ್ದು ಕೆಲಸದ ಫೋಲ್ಡರುಗಳನ್ನು ಮಾತ್ರ. ಹಬ್ಬದ ಫೋಟೊಗಳನ್ನು ಆಮೇಲೆ ನೋಡಿದರಾಯಿತು ಎಂದು ಬಿಟ್ಟಳು. ಆನೆ ಅದರೊಳಗಿದೆ ಎಂಬುದು ಅವಳಿಗೆ ಮರೆತೇಹೋಗಿತ್ತು. ನನಗೆ ಮರೆತಿರಲಿಲ್ಲ. ಇಟ್ಟುಕೊಳ್ಳೇ ನಿನ್ನ ನಲವತ್ತು ನವಿಲು, ಆನೆ ನನ್ನದು ಎಂದುಕೊಂಡೆ. ಆ ದಿನಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಮೈ ಯಾಕೋ ಬೆಚ್ಚಗಾಗುತ್ತಿತ್ತು. ಕಿಟಕಿಯ ಬಿಸಿಲು ಎಂದು ತಿಳಿದೆ.

ನವರಾತ್ರಿ ಬಂತು. ಈ ಸಲ ದಶಮಿಯ ದಿನ ಹೊಸ ಬಟ್ಟೆಗೆ ಸೂಜಿ ಚುಚ್ಚಿ, ತಾಯಿಯ ಆನೆಯನ್ನು ಎಲ್ಲರಿಗೂ ಕಲಿಸಿಬಿಡುತ್ತೇನೆ ಎಂದು ಅಜ್ಜಿ ಹೇಳಿದ್ದರು. ಇನ್ನೊಂದು ವರ್ಷಕ್ಕೆ ಕಣ್ಣು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಬೆರಳಿಗೆ ಆನೆ ಅರ್ಧ ಮಾತ್ರ ನೆನಪಿತ್ತು. ಉಳಿದರ್ಧಕ್ಕೆ ಫೋಟೊ ಬೇಕು, ಎಳೆ ಎಣಿಸಬೇಕು. ಅಂದರೆ ನಾನು ಬೇಕು.

ನವಮಿಯಂದು ನನ್ನನ್ನು ವೈರಿನಿಂದ ಬಿಡಿಸಿ ಹಲಗೆಯ ಮೇಲಿಟ್ಟರು. ಅಜ್ಜಿ ಕುಂಕುಮದ ಬಟ್ಟಲು ಹಿಡಿದು ಕೂತರು. ಕತ್ತರಿಗಳಾದವು, ಸೂಜಿಪೆಟ್ಟಿಗೆಗಳಾದವು, ನನಗೂ ಆಯಿತು. ಆಮೇಲೆ ಅವರು ಕೈ ತಡೆದು ಕೇಳಿದರು:

“ಆ ಹೊಸಾಕಿಗೆ ಎಲ್ಲಿ ಹಚ್ಚಲಿ?”

ಅದಕ್ಕೆ ಮೈಯೇ ಇಲ್ಲ ಎಂದು ಶಾಹೀನಾ ನಕ್ಕಳು. ದುಡಿಯುವವರಿಗೆ ಕುಂಕುಮವಿಲ್ಲದೆ ಹೇಗೆ ಎಂದು ಅಜ್ಜಿಗೆ ಸರಿಬರಲಿಲ್ಲ. ಅವಳ ಪಾಲನ್ನೂ ನನಗೇ ಹಚ್ಚಲು ಬೆರಳು ಚಾಚಿದರು. ನನಗೆ ಹಿಗ್ಗೋ ಹಿಗ್ಗು! ಅವಳಿಗೆ ಹಣೆಯಿಲ್ಲ, ನನಗಿದೆ, ಬರಲಿ ಎರಡೂ ಪಾಲು. ಕಣ್ಣು ಮಂಜಾದ ಅಜ್ಜಿಯ ಬೆರಳು ತಡವುತ್ತ ಬಂದು, ಹಣೆಯ ಬದಲು ವೈರು ಚುಚ್ಚುವ ನನ್ನ ಬಾಯಿಯನ್ನು ಸೇರಿತು. ನೀರಾಗಿ ಕಲಸಿದ ಕುಂಕುಮ ನಿಧಾನವಾಗಿ ಒಳಗಿಳಿಯಿತು.

ದಶಮಿಯಂದು ಶಾಹೀನಾ ವೈರು ಚುಚ್ಚಿದಳು. ಒಳಗೆ ಏನೋ ಚಟ್ ಎಂದಿತು. ಅಷ್ಟೆ. ಆಮೇಲೆ ನಾನು ನೋಡಬಲ್ಲೆ, ಕೇಳಬಲ್ಲೆ, ನನ್ನೊಳಗಿನ ಒಂದು ಚಿತ್ರವನ್ನೂ ಕೊಡಲಾರೆ. ಹಬ್ಬದ ಫೋಲ್ಡರನ್ನು ತಾನು ದಾಟಿಸಲೇ ಇಲ್ಲ ಎಂದು ಶಾಹೀನಾ ಅತ್ತಳು. ಅಜ್ಜಿ ಕೂಸಿನ ಕೌದಿ ತರಿಸಿ ತೊಡೆಯ ಮೇಲೆ ಹಾಸಿಕೊಂಡು ಬೆರಳಾಡಿಸಿದರು. ಒಂದು ಕಡೆ ಆನೆಯ ಕಾಲು ಸಿಕ್ಕಿತು, ಇನ್ನೊಂದು ಕಡೆ ಅಂಬಾರಿಯ ತುದಿ. ಸೊಂಡಿಲು ಎಲ್ಲಿಯೂ ಇರಲಿಲ್ಲ. ಆಗ ಮೊದಲ ಸಲ ನನಗೆ ನನ್ನ ಮೇಲೆ ಅಸಹ್ಯವಾಯಿತು. ಆನೆಯನ್ನು ಅವಳಿಂದ ಬಚ್ಚಿಟ್ಟೆ ಎಂದು ಹಿಗ್ಗಿದ್ದೆನಲ್ಲ, ಬಚ್ಚಿಟ್ಟದ್ದು ಈ ಬೆರಳುಗಳಿಂದ.

ಭಂಡಾರದಲ್ಲಿ ಒಮ್ಮೆ ನೋಡು ಎಂದು ಇಂದುಮತಿ ಹೇಳಿದರು. ಹಾಕಿಯೇ ಇಲ್ಲ ಮೇಡಮ್ ಎನ್ನುತ್ತಲೇ ಶಾಹೀನಾ ತೆರೆದಳು. ಹಬ್ಬದ ಫೋಲ್ಡರ್ ಅಲ್ಲಿತ್ತು. ಎಳ್ಳುಬೆಲ್ಲದ ತಟ್ಟೆಗಳ ನಡುವೆ ಆನೆ ನಿಂತಿತ್ತು. ಮಧ್ಯಾಹ್ನದ ಆ ಕಾವು ಬಿಸಿಲಿನದಾಗಿರಲಿಲ್ಲ. ಯಾರೂ ಹೇಳದೆ, ಯಾರೂ ಗುಂಡಿ ಒತ್ತದೆ, ಎಲ್ಲರೂ ಊಟಕ್ಕೆ ಕೂತಾಗ ಆ ಸವತಿ ದಿನಾ ಬಂದು ನನ್ನನ್ನು ಪೂರ್ತಿ ಓದಿಕೊಂಡು ಹೋಗಿದ್ದಳು. ತನ್ನಲ್ಲಿಲ್ಲದ್ದೆಲ್ಲ ಅವಳಿಗೆ ಹೊಸದೇ.

“ಹಿಂದ?” ಎಂದರು ಅಜ್ಜಿ.

ಶಾಹೀನಾ ಹಿಂಭಾಗದ ಫೋಟೊ ತೆರೆದಳು. ಅದೂ ಇತ್ತು. ಅಂದು ಸಂಜೆಯೊಳಗೆ ಇಪ್ಪತ್ತಾರು ಹೆಂಗಸರು ಎಳೆ ಎಣಿಸಿ ಆನೆಯ ನಾಲ್ಕೂ ಕಾಲು ಮುಗಿಸಿದರು. ನನ್ನನ್ನು ಎಸೆಯಲು ಯಾರೋ ಎತ್ತಿದಾಗ ಅಜ್ಜಿ ತಡೆದರು.

“ಅದಕ್ಕ ಏನೂ ಅನಬ್ಯಾಡ್ರಿ. ತಪ್ಪು ನಂದು. ಇರಲಿ ಅದು.”

ಇದಾಗಿ ಮೂರು ವರ್ಷ. ನಾನೀಗ ಗೋಡೆಯ ಗೂಡಿನಲ್ಲಿ ಕತ್ತರಿಗಳ ಪಕ್ಕ ಕೂತಿದ್ದೇನೆ. ಆ ಆನೆ ಎಷ್ಟೋ ಸೀರೆಗಳ ಸೆರಗಿನಲ್ಲಿ ನಡೆದುಹೋಯಿತು. ಅಜ್ಜಿಗೆ ಈಗ ಕಣ್ಣು ಪೂರ್ತಿ ಹೋಗಿದೆ. ಆದರೂ ಖಂಡೇ ಪೂಜೆಯ ದಿನ, ಆ ಕಪ್ಪು ಡಬ್ಬಿ ಎಲ್ಲಿ ಎಂದು ಮರೆಯದೆ ಕೇಳುತ್ತಾರೆ. ನನ್ನನ್ನು ಕೈಗೆ ಕೊಟ್ಟರೆ, ಹಣೆಯನ್ನು ಎರಡೆರಡು ಸಲ ತಡವಿ ಖಾತ್ರಿ ಮಾಡಿಕೊಂಡು, ಒಂದು ಬೊಟ್ಟು ಇಡುತ್ತಾರೆ. ಒಂದೇ.

“ಇದು ಆಕೀದು,” ಎನ್ನುತ್ತಾರೆ. “ಆಕಿಗೆ ಹಣಿ ಇಲ್ಲಲ್ಲ.”

ಆ ಮಾತು ಈಗಲೂ ಹೊಟ್ಟೆ ಸುಡುತ್ತದೆ. ಆದರೂ ಅಜ್ಜಿಯ ಬೆರಳು ನನ್ನನ್ನು ತಡಕಾಡುವಾಗ, ಬೇಗ ಸಿಗಲಿ ಎಂದು ಹಣೆ ಒಡ್ಡಿ ಕಾಯುತ್ತೇನೆ.