ದೊಡ್ಡ ನಮಸ್ಕಾರ

ಒಂದೂರಲ್ಲಿ ಒಬ್ಬ ರಾಜ. ಪ್ರಜೆಗಳ ಬಾಯಾರಿಕೆ ನೋಡಲಾರದೆ ಮೂರು ಬಾವಿ ತೋಡಿಸಿದ, ಮೂರನ್ನೂ ಕಾಗದದ ಮೇಲೆ. ಸರುಬಾಯಿ ಅಜ್ಜಿ ಹೇಳುತ್ತಿದ್ದ ಕತೆಗಳ ಪೈಕಿ ಇದೂ ಒಂದಾಗಿದ್ದರೆ ಮೊಮ್ಮಗಳು ಪೂನಂ ನಕ್ಕು ಮಲಗುತ್ತಿದ್ದಳು. ಆದರೆ ಈ ರಾಜ ಬಸವಕಲ್ಯಾಣದವನೇ, ಅವರ ಓಣಿಯವರೇ ಆರಿಸಿ ಕಳಿಸಿದ ಮುಖಂಡ ಶಂಕರಲಿಂಗ. ಹೊಡೆಯದ ಬೋರ್‌ವೆಲ್‌ಗಳ ಬಿಲ್ ನುಂಗಿದನೆಂದು ಗುಲ್ಲೆದ್ದಾಗ ಸಮಜಾಯಿಷಿ ಹೇಳಲು ಓಣಿಗೆ ಬಂದಿದ್ದ. ಅಜ್ಜಿ ಎಲ್ಲರೆದುರೇ ನೀರಿಳಿಸಿ ಕಳಿಸಿದ್ದಳು.

ಮರುದಿನ ಸೈಬರ್ ಕೆಫೆಯಲ್ಲಿ ಹುಮನಾಬಾದಿನ ಸುದ್ದಿ ವೆಬ್‌ಸೈಟ್ ತೆರೆದ ಪೂನಂ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಫೋಟೋದಲ್ಲಿ ಕೈಮುಗಿದ ಅಜ್ಜಿ, ಎದುರಿಗೆ ತಲೆ ಬಾಗಿಸಿದ ಶಂಕರಲಿಂಗ. ಮೇಲೆ ದಪ್ಪಕ್ಷರ: 'ಹಗರಣದ ನಡುವೆಯೂ ಕುಗ್ಗದ ಜನಪ್ರೀತಿ: ನಿಮಗೊಂದು ದೊಡ್ಡ ನಮಸ್ಕಾರ ಎಂದ ಅಜ್ಜಿ'.

ಅಜ್ಜಿ ಕೈ ಮುಗಿದದ್ದೂ ನಿಜ, ಆ ಮಾತು ಅಂದದ್ದೂ ನಿಜ. ಆದರೆ ದೊಡ್ಡ ನಮಸ್ಕಾರವೆಂದರೆ 'ಸಾಕಪ್ಪಾ ನಿನ್ನ ಸಹವಾಸ' ಎಂದು ಓಣಿಯ ಕೂಸಿಗೂ ಗೊತ್ತು.

ಸಂಜೆಯೊಳಗೆ ಶಂಕರಲಿಂಗನ ಮಂದಿ ಅದನ್ನು ಪ್ರಿಂಟು ತೆಗೆದು ಗೋಡೆಗೋಡೆಗೆ ಅಂಟಿಸಿದರು. ನಲ್ಲಿಯ ಹತ್ತಿರ ಪಕ್ಕದ ಮನೆ ಅನ್ವರಿ ಕೊಡ ಇಟ್ಟು ಕೇಳಿದಳು, "ನಿಮ್ಮ ಹಿತ್ತಲದಾಗ ಬೋರ್ ಯಾವಾಗ ಹೊಡಸ್ತಾರಂತ, ಸರುಬಾಯಿ? ನಮಗೂ ಒಂದು ಕೊಡ ಬಿಡ್ರಿ ಮತ್ತ."

ಎಂಥವರಿಗೂ ತಿರುಗಿ ಅನ್ನುವ ಅಜ್ಜಿ ಖಾಲಿ ಕೊಡ ಎತ್ತಿಕೊಂಡು ಒಳಗೆ ಬಂದಳು. ರೊಟ್ಟಿ ಮುಟ್ಟಲಿಲ್ಲ.

"ಪೂನಿ, ನನ್ನ ಮಾತಿನ ಕುತ್ತಿಗಿ ಕೊಯ್ದಾರ. ನಾ ಅಂದದ್ದು ಪೂರಾ ಬರಸಿ ಬಾ."

"ಬರಸೇ ಬರ್ತೀನಿ ಆಯಿ."

ಬೆಳಗಾಗುತ್ತಲೇ ಪೂನಂ ಬಸ್ಸು ಹತ್ತಿದಳು. ಹುಮನಾಬಾದಿನಲ್ಲಿ ಕಾಳುಕಡಿ ದಲಾಲಿಯ ಅಡತಿ ಅಂಗಡಿಯೊಂದರ ಮಾಳಿಗೆಯ ಮೇಲೆ ವೆಬ್‌ಸೈಟಿನ ಕಚೇರಿ. ನಡೆಸುವವನು ಸಂಜೀವಕುಮಾರ, ಬಾಯಲ್ಲಿ ಎಲೆ ಅಡಿಕೆ.

"ನಾವೇನು ಸುಳ್ಳು ಬರದೀವೇನಮ್ಮ? ಕೈ ಮುಗದಿಲ್ಲ? ನಮಸ್ಕಾರ ಅಂದಿಲ್ಲ?"

"ಅಂದಾರ್ರಿ. ಮುಂದ ಏನಂದ್ರು?"

"ಮುಂದಿಂದು ಹೆಡ್‌ಲೈನಿನಾಗ ಹಿಡಿಯಂಗಿಲ್ಲ."

"ನಿಮ್ಮ ಮನಿಯವ್ರು ನಿಮಗ ದೊಡ್ಡ ನಮಸ್ಕಾರ ಅಂದ್ರ ಆಶೀರ್ವಾದ ತಿಳ್ಕೋತೀರೇನ್ರಿ?"

ಅವನಿಗೆ ನಗು ಬಂತು. "ಹೇಳು, ಮುಂದ ಏನು?"

ಪೂನಂ ಅಜ್ಜಿಯ ಹಾಗೆಯೇ ಕೈ ಜೋಡಿಸಿದಳು. "ನಿಮಗೊಂದು ದೊಡ್ಡ ನಮಸ್ಕಾರರಿ. ನಿಮ್ಮ ಕಾಗದ ಹಿಂಡಿ ನೋಡಿದ್ವಿ, ಹನಿ ನೀರು ಬೀಳಲಿಲ್ಲ. ಇನ್ನ ಈ ಓಣ್ಯಾಗ ಕಾಲಿಡಬ್ಯಾಡ್ರಿ."

ಅವನು ಅಗಿಯುವುದನ್ನು ನಿಲ್ಲಿಸಿದ. ನಾಚಿಕೆಯಾಯಿತೇನೋ ಅಂದುಕೊಂಡಳು.

"ಮೊದಲೇ ಹೇಳಬಾರದಾ," ಅಂದ. "ಇದನ್ನ ಡಬಲ್ ಮಂದಿ ನೋಡ್ತಾರ."

ಕೀಲಿಮಣೆ ಟಕಟಕ ಎಂದಿತು. ಹಳೆಯ ಸಾಲು ಅಳಿಯಿತು, ಹೊಸದು ಬಂತು: 'ಹಿಂಡಿದರೂ ಹನಿ ಇಲ್ಲ: ಮುಖಂಡನಿಗೆ ಅಜ್ಜಿಯ ಛೀಮಾರಿ'. ಫೋಟೋ ಮಾತ್ರ ಅದೇ. ನಿನ್ನೆ ಭಕ್ತಿ ಸುರಿಸುತ್ತಿದ್ದ ಅದೇ ಕೈಗಳು ಈಗ ಹೊರಗೆ ನೂಕುವಂತಿದ್ದವು. ವಿನಯದಿಂದ ಬಾಗಿದ್ದ ಅದೇ ತಲೆ ಈಗ ಕಳ್ಳನದು. ಒಂದು ಕೂದಲೂ ಅಲ್ಲಾಡಿರಲಿಲ್ಲ. ಅಜ್ಜಿಯ ಕತೆಗಳಲ್ಲಿ ಮನುಷ್ಯನನ್ನು ಕುರಿ ಮಾಡಬೇಕಾದರೆ ಮಾಟಗಾತಿ ಮಂತ್ರಿಸಿದ ದಾರವನ್ನಾದರೂ ಕಟ್ಟಬೇಕಿತ್ತು. ಇವನು ಎಲೆ ಅಡಿಕೆ ಸಹ ಉಗುಳಿರಲಿಲ್ಲ.

"ಆತಲ್ಲ?" ಅಂದ.

"ಇಲ್ರಿ. ಕೆಳಗ ಅವರ ಮಾತು ಪೂರಾ ಹಾಕ್ರಿ."

ಅವಳು ಒಂದೊಂದೇ ಮಾತು ಹೇಳಿದಳು, ಅವನು ಕುಟ್ಟಿದ. 'ಕಾಲಿಡಬ್ಯಾಡ್ರಿ'ವರೆಗೂ ಬಂತು.