ತಗಡಿನ ಮೇಲೆ ಕೌದಿ

ಹೊಳೆಯ ನೀರು ದವಾಖಾನೆಯ ಮೆಟ್ಟಿಲು ಮುಟ್ಟಿದಾಗ ಬೆಳಗಿನ ಎಂಟು ಗಂಟೆ. ಅದಕ್ಕೂ ಹಿಂದಿನ ಎರಡು ವರ್ಷ ಮಳೆಯಿಲ್ಲದ ಬರಗಾಲ. ಅಕ್ಕಲಕೋಟದ ಆಚೆ ಒಂದು ಸಣ್ಣ ಊರು, ಆರು ಮಂಚದ ದವಾಖಾನೆ, ನಾನು ಅಲ್ಲಿಯ ಶಿಪಾಯಿ. ಔಷಧ ತರಲು ಸೋಲಾಪುರಕ್ಕೆ ಹೋದ ಡಾಕ್ಟರರು ಆಚೆ ದಂಡೆಯಲ್ಲೇ ಸಿಕ್ಕಿಬಿದ್ದಿದ್ದರು. ಐದು ರೋಗಿಗಳನ್ನು ನಡೆಸಿಯೋ ಹೊತ್ತೋ ದಿಬ್ಬದ ಮೇಲಿನ ಸಾಲೆಗೆ ಮುಟ್ಟಿಸಿದೆವು. ಉಳಿದವನು ಅಮೃತಪ್ಪ.

ಕುಂಟೆಯ ಕಬ್ಬಿಣ ಕಾಲಿಗೆ ನಟ್ಟು ಅವನಿಗೆ ಧನುರ್ವಾಯು ಆಗಿತ್ತು. ದವಡೆ ಕಚ್ಚಿಕೊಂಡಿತ್ತು. ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದೆವು. ಒಂದು ಲೋಟ ಬಿದ್ದ ಸಪ್ಪಳಕ್ಕೂ ಮೈ ಬಿಲ್ಲಿನಂತೆ ಬಾಗಿ ಉಸಿರು ನಿಲ್ಲುತ್ತಿತ್ತು. ಹಿಂದಿನ ದಿನ ಎರಡು ಸಲ ಹಾಗಾಗಿತ್ತು.

"ಇನ್ನೊಂದ ಝಟಕಾ ಬಂದ್ರ ನನ್ನ ಕೈಯಾಗಿಲ್ಲ," ಎಂದಿದ್ದರು ನರ್ಸು ಕುಮುದಿನಿಬಾಯಿ.

"ಗಾಡಿ ಹೂಡ್ಲೇನ್ರಿ ಬಾಯಿ?" ಎಂದೆ.

"ಹಳೂಕ, ಸಾಯಬಣ್ಣಾ! ಗಾಡಿ ಗಡಗಡನೂ ಬ್ಯಾಡ, ನಿನ್ನ ಗಂಟಲಾನೂ ಬ್ಯಾಡ. ನೀ ಪಿಸುಗುಟ್ಟಿದ್ರ ಆಚೀ ಊರು ಮೈಂದರ್ಗಿ ಮಂದಿ ಎದ್ದ ಕುಂದರ್ತಾರ."

ಮಂಚವನ್ನೇ ಹೊರುವುದೆಂದಾಯಿತು. ಊರಿನ ನಾಲ್ವರು ಹೆಗಲು ಕೊಡಲು ಬಾಗಿದಾಗ ಅವನ ಹೆಂಡತಿ ಸೋನಾಬಾಯಿ ಅಡ್ಡ ನಿಂತಳು.

"ನಾಕ ಮಂದಿ ಹೆಗಲ ಬ್ಯಾಡ್ರಿ ಅಣ್ಣಾ. ಅದು ಯಾವಾಗಿಂದು ಅಂತ ನಿಮಗ ಗೊತ್ತದ."

ನಾನು ಹೋಗಿ ಐದನೆಯ ಹೆಗಲು ಕೊಟ್ಟೆ. ಅವಳು ಸರಿದಳು. ಕಿವಿಗೆ ಹತ್ತಿ ಇಟ್ಟು, ಮೇಲೆ ಕಪ್ಪು ಚಾದರ ಹೊದಿಸಿ, ಮೊಳಕಾಲುದ್ದ ನೀರಿನಲ್ಲಿ ಅಡಿಯಿಟ್ಟು ಅಡಿಯಿಟ್ಟು ನಡೆದೆವು.

ಸಾಲೆಯಲ್ಲಿ ಹೊಳೆದಂಡೆಯ ನೂರು ಜನ ಸೇರಿ ಸಂತೆಯ ಗದ್ದಲವಿತ್ತು. ಸೋನಾಬಾಯಿ ಮುಂದೆ ಹೋಗಿ, ಸಪ್ಪಳ ಮಾಡಬೇಡಿರೆಂದು ಕೈ ಮುಗಿದು ಹೇಳಿದಳು. ನಾವು ಮುಟ್ಟುವಷ್ಟರಲ್ಲಿ ಕೂಸಿನ ತಾಯಂದಿರು ದೂರದ ಛಪ್ಪರಕ್ಕೆ ಹೋಗಿದ್ದರು. ಆಡಿನ ಕೊರಳ ಗಂಟೆಗೆ ಹುಲ್ಲು ತುರುಕಿದ್ದರು. ಹೆಂಗಸರು ಬಳೆ ತೆಗೆಯುವಂತಿಲ್ಲವಲ್ಲ, ಕೈಗೆ ಅರಿವೆ ಸುತ್ತಿಕೊಂಡು ಕೂತಿದ್ದರು. ಹೊಲದ ಒಡ್ಡಿಗಾಗಿ ತಲೆ ಒಡೆದುಕೊಂಡ ಮಂದಿಯೇ ಇವರು.

ಮಂಚ ಇಳಿಸಿ ಮೇಲೆ ನೋಡಿದೆ. ತಗಡಿನ ಮಾಡು. ಹೊರಗೆ ಮುಗಿಲು ಎಮ್ಮೆಯಂತೆ ಕಪ್ಪಾಗಿತ್ತು. ಒಂದು ಅಡ್ಡಮಳೆ ಬಿದ್ದರೆ ತಗಡು ನೂರು ಹಲಗೆ ಬಾರಿಸಿದಂತೆ ಬಡಿಯುತ್ತದೆ. ಬೆರಳೆತ್ತಿ ತೋರಿಸಿದೆ. ಕುಮುದಿನಿಬಾಯಿ ಸುತ್ತಲೂ ನೋಡಿದರು. ಒಯ್ಯಲು ಬೇರೆ ಜಾಗವಿರಲಿಲ್ಲ.

ಆಗ ಮುದುಕಿ ಪಾರ್ವತಿಬಾಯಿ ಎದ್ದಳು. ಬೆಳಿಗ್ಗೆ ಅವಳ ಮನೆಯ ಗೋಡೆ ಬಿದ್ದಿತ್ತು. ಉಳಿದದ್ದು ತಲೆಯ ಮೇಲೆ ಹೊತ್ತು ತಂದ, ಹಳೆ ಸೀರೆಯ ತುಂಡು ಸೇರಿಸಿ ಹೊಲಿದ ಒಂದು ದಪ್ಪ ಕೌದಿ. ಅದನ್ನು ನನ್ನ ಕೈಗಿಟ್ಟಳು.

"ತಗಡಿನ ಮ್ಯಾಲ ಹಾಸು."

"ಆಯಿ, ನೀ ಏನ ಹೊಚ್ಚಗೋತಿ?"

"ಥಂಡಿ ಹತ್ತಿದ್ರ ಕೆಮ್ಮ ಬರ್ತದ. ಕೆಮ್ಮ ಬಂದ್ರ ಹೊರಗ ಹೋಗಿ ಕೆಮ್ತೀನಿ. ಹಾಸೋ ಮೂಳಾ, ಮಳಿ ಬಂತು."

ಅವಳ ಹಿಂದೆ ಇನ್ನೊಂದು ಕೈ, ಮತ್ತೊಂದು. ಗಂಟುಗಳು ಬಿಚ್ಚಿದವು. ಗಂಡಸರು ಬರಿಗಾಲಲ್ಲಿ ನಿಚ್ಚಣಿಕೆ ಏರಿ, ತಗಡು ಸದ್ದಾಗದಂತೆ ಗೋಡೆಯ ಗುಂಟ ತೆವಳಿ, ನಲವತ್ತು ಕೌದಿ ಎರಡು ಪದರ ಹಾಸಿದರು. ಅಂಚಿಗೆ ಕಲ್ಲಿಟ್ಟರು.

ಮಳೆ ಬಂತು. ಅಂಗಳದಲ್ಲಿ ನಿಂತ ನನಗೆ ಪಕ್ಕದವನ ಮಾತು ಕೇಳದಂಥ ಮಳೆ. ಒಳಗೆ ಹೋದೆ. ಹಿಟ್ಟು ಸಾಣಿಸಿದಷ್ಟು ಸಪ್ಪಳ. ಹೊದಿಕೆಯಿಲ್ಲದ ನೂರು ಜನ ಗೋಡೆಗೆ ಒರಗಿ, ನಡುಗುತ್ತ, ಮೇಲೆ ನೋಡುತ್ತ ಕೂತಿದ್ದರು. ನಾನು ಅಮೃತಪ್ಪನ ಕಾಲ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ.

ಮಳೆ ಹೋಗುವವರೆಗೆ ಯಾರೂ ಕೌದಿ ಕೆಳಗಿಳಿಸಿ ಎನ್ನಲಿಲ್ಲ. ಅದು ಹನ್ನೆರಡು ದಿನ ಹಿಡಿಯಿತು.

ಹದಿನೈದನೆಯ ದಿನ ಅಮೃತಪ್ಪನ ದವಡೆ ಸಡಿಲಾಯಿತು. ನೀರು ಗುಟುಕರಿಸಿ ಕೇಳಿದ:

"ಸಾಯಬಣ್ಣಾ, ಈ ವರ್ಸನೂ ಮಳಿ ಆಗಲಿಲ್ಲೇನೋ?"

ಸೋನಾಬಾಯಿ ಎದ್ದು, ಮೊದಲ ಸಲ ಕಿಟಕಿಯನ್ನು ಅರ್ಧ ತೆರೆದಳು. ಸಾಲೆಯ ಅಂಗಳದ ಗೋಡೆಯುದ್ದಕ್ಕೂ ನಲವತ್ತು ಕೌದಿ ಒಣಹಾಕಿದ್ದವು, ಇನ್ನೂ ತೊಟ್ಟಿಕ್ಕುತ್ತಿದ್ದವು.