ಬಿಸಿನೀರು ಕಂಡ ಮರಿ

ಸೀಗೆಪುಡಿಯ ವಾಸನೆ, ಇನ್ನೂ ಕೈಯಲ್ಲೇ ಇದೆ, ಹಾಳಾದ್ದು, ಮೂಸಿದರೆ ಬಾಣಂತಿ ಕೋಣೆ ನೆನಪಾಗುವ ವಾಸನೆ, ಅದೇ ಈಗ ಕುರಿಮರಿಯ ಮೈಮೇಲೂ ಇದೆ, ಕಾವೇರಮ್ಮ ಕೈಯನ್ನು ಮತ್ತೆ ಸೆರಗಿಗೆ ಒರೆಸಿಕೊಂಡಳು — ಚೊಚ್ಚಲು ಹೆತ್ತ ಕುರಿ, ಮರಿ ಕೆಚ್ಚಲ ಹತ್ತಿರ ಹೋದರೆ ಮೂಸುತ್ತದೆ, ಮೂಸಿ ಗುಮ್ಮುತ್ತದೆ, ಯಾರ ಮನೆ ಕೂಸೋ ಎನ್ನುವ ಹಾಗೆ, ಮರಿ ಬಿದ್ದು ಏಳುತ್ತದೆ, ಬಾಲ ಒದ್ದೆ ಬತ್ತಿಯ ಹಾಗೆ ಜೋತಿದೆ. ಹಂಡೆಯಲ್ಲಿ ನೀರು ಕಾದಿತ್ತಲ್ಲ, ಮಗಳು ಪ್ರತಿಮಾ ಬಾಣಂತಿ, ಕೂಸಿಗೆ ಎರೆದ ಕೈ, ಅದೇ ಗುಂಗಿನಲ್ಲಿ ಕೊಟ್ಟಿಗೆಗೆ ಬಂದರೆ ಆಗತಾನೇ ಹುಟ್ಟಿದ ಮರಿ ಲೋಳೆ ಮೆತ್ತಿಕೊಂಡು ನಡುಗುತ್ತಿತ್ತು, ಅಯ್ಯೋ ಪಾಪ ಎಂದು ಎರಡು ಚೊಂಬು ಬಿಸಿನೀರು, ಒಂದು ಚಿಟಿಕೆ ಸೀಗೆ, ಸಾಂಬ್ರಾಣಿ ಹೊಗೆ ಬೇರೆ — ಮುದ್ದು ಹೆಚ್ಚಾಯಿತು. ಗಂಡ ದಾಸಪ್ಪ ಬಾಗಿಲಲ್ಲಿ ನಿಂತು ನಕ್ಕಿದ್ದ, ಒಂದು ಬೊಟ್ಟೂ ಇಕ್ಬುಡು ಕಣಮ್ಮಿ, ತೊಟ್ಲಿಗೆ ಹಾಕವ. ಈಗ ನಗುತ್ತಿಲ್ಲ, ಕುರಿಯ ಕತ್ತು ಹಿಡಿದು ಗೋಡೆಗೆ ಒತ್ತಿ ಕೂತಿದ್ದಾನೆ. ಫೋನಿನಲ್ಲಿ ಸೋಲೂರಿನ ದನದ ಡಾಕ್ಟರಮ್ಮ ಮುಬಶ್ಶಿರಾ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು, ತಾಯಿ ನೆಕ್ಕಿ ಗುರುತು ಇಟ್ಕೊಳ್ಳೋದು ಕಾವೇರಮ್ಮ, ನೀವು ಗುರುತನ್ನೇ ತೊಳೆದುಬಿಟ್ರಿ, ಹೆತ್ತ ಜಾಗದ ಹುಲ್ಲಿದ್ರೆ ಅದ್ರಲ್ಲಿ ಉಜ್ಜಿ, ಅದರ ಗಿಣ್ಣುಹಾಲನ್ನೇ ಹಿಂಡಿ ಬಾಲಕ್ಕೆ ಸವರಿ, ಗಿಣ್ಣು ಹೊಟ್ಟೆಗೆ ಬೇಗ ಹೋಗ್ದಿದ್ರೆ ಮರಿ ಉಳಿಯಲ್ಲ. ಉಳಿಯಲ್ಲ — ಆ ಹುಲ್ಲನ್ನೂ ಗುಡಿಸಿ ತಿಪ್ಪೆಗೆ ಹಾಕಿದ್ದಳು ಪುಣ್ಯಾತ್ಗಿತ್ತಿ, ಬರಿಗಾಲಲ್ಲಿ ಓಡಿದಳು, ಮೀಯಿಸಿದ ಕೂಸಿಗೆ ತಿಪ್ಪೆಯ ಹುಲ್ಲು ಬಳಿದ ಅಜ್ಜಿ ಮಾಗಡಿ ಸೀಮೆಯಲ್ಲಿ ಇವಳೊಬ್ಬಳೇ ಇರಬೇಕು, ಬಳಿದಳು, ಹಳದಿ ಗಿಣ್ಣು ಸವರಿದಳು, ಬಾಲ ಹಾಗೇ ಜೋತಿದೆ, ಹಾಲು ಸಿಕ್ಕ ಮರಿಯ ಬಾಲ ಹೀಗೆ ಸುಮ್ಮನಿರುವುದಿಲ್ಲ. ಒಳಗೆ ಮೊಮ್ಮಗು ಅತ್ತಿತು, ತಟಕ್ಕನೆ ನಿಂತಿತು, ಹಾಲಿಗೆ ಬಾಯಿ ಇಟ್ಟಿರಬೇಕು. ಮೊದಲ ದಿನ ಪ್ರತಿಮಾಳೂ ಹೀಗೇ, ನಂಗಾಗಲ್ಲ ಕಣವ್ವ, ಗೋಡೆ ಕಡೆ ತಿರುಗಿ ಮಲಗಿದ್ದಳು, ಬಂದವರೆಲ್ಲ ಹೀಗೆ ಹಿಡಿ ಹಾಗೆ ಹಿಡಿ, ಅವರನ್ನೆಲ್ಲ ಆಚೆ ಕಳಿಸಿ ಕೂಸನ್ನು ಮಗ್ಗುಲಿಗೆ ಮಲಗಿಸಿ ಕಾವೇರಮ್ಮ ತಾನೂ ಎದ್ದು ಬಂದಿದ್ದಳಲ್ಲ, ಆಮೇಲಲ್ಲವೇ ಅವಳು ಕೂಸಿನ ಕಡೆ ತಿರುಗಿದ್ದು — ಬುಡಿ ಅದ್ನ, ಕತ್ತು ಬುಡಿ. ಗುಮ್ಮುತ್ತೆ ಕಣೆ. ಗುಮ್ಮಲಿ, ಬುಡಿ, ನಾವು ಒಸಿ ಆಚೆಗೆ ನಿಂತ್ಕಳವ. ದಾಸಪ್ಪ ಕೈ ಬಿಟ್ಟ. ಕುರಿ ಗುಮ್ಮಲು ತಲೆ ತಗ್ಗಿಸುತ್ತದೆ, ಇಲ್ಲ, ಮೂಸುತ್ತಿದೆ, ಬೆನ್ನು ಮೂಸುತ್ತಿದೆ, ನಾಲಿಗೆ, ದೇವರೇ, ನೆಕ್ಕುತ್ತಿದೆ, ಮರಿ ಹೊಟ್ಟೆಯಡಿ ನುಗ್ಗಿ ಕಾಣದಾಯಿತು, ಸೀಗೆಯ ಕೈಯನ್ನು ಕಾವೇರಮ್ಮ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು, ಕಾಣುವುದು ಬಾಲವೊಂದೇ, ಜೋತ ಬಾಲ, ಒದ್ದೆ ಬಾಲ, ಒಂದು ಸಲ ಅದುರಿತು, ನಿಂತಿತು, ಆಮೇಲೆ ಪಟಪಟ, ಪಟಪಟ, ಬಾಲ